ಹೆಣ್ಣಿನ ಕಡೆಯವನೆಂದು ಬಂದವನು

ನಾನು ಹಾಲವ್ವ, ಗಂಡ ದಿವಂಗತ ರೇವಣಸಿದ್ದಯ್ಯ, ವಯಸ್ಸು 67, ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ವಾಸ ಬಸವೇಶ್ವರನಗರ, ಮೂಲ ಊರು ಹಾವೇರಿ. ಠಾಣೆಗೆ ನಾನೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ಚನ್ನವೀರೇಶ್, 39 ವರ್ಷ, ವಿಧಾನ ಪರಿಷತ್ ಸದಸ್ಯ. ತಾನು ಸಲಿಂಗಿ, ಮೋಹನ್ ಕುಮಾರ್ ತನ್ನ ಸಂಗಾತಿ ಎಂದು ಸದನದಲ್ಲೇ ಹೇಳಿದವನು. ಅಂದಿನಿಂದ ಕೊಲ್ಲುವುದಾಗಿ ನಾಲ್ಕು ಪತ್ರ ಬಂದಿವೆ. ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. "ಅವ್ವಾ, ಇಡೀ ರಾಜ್ಯಕ್ಕ ಹೇಳೀನಿ, ನಿನಗೊಬ್ಬಾಕಿಗೆ ಯಾಕ ತಿಳಿವಲ್ದು?" ಎಂದು ಮಗ ಯುಗಾದಿಯ ದಿನ ಕೇಳಿದ್ದನು. ಆದರೂ ನನ್ನ ಆಸೆ ಬಿಡಲಿಲ್ಲ. ಅವನಿಗೆ ಹೇಳದೆ, ನಮ್ಮ ಸಮಾಜದ ವಧು-ವರರ ಕೇಂದ್ರದಲ್ಲಿ ಅವನ ಫೋಟೊ, ಬಯೋಡಾಟಾ, ಮನೆ ವಿಳಾಸ ಮತ್ತು ನನ್ನ ನಂಬರ್ ಕೊಟ್ಟಿದ್ದೆ.

ನಿನ್ನೆ ಬೆಳಿಗ್ಗೆ 11.10ಕ್ಕೆ, ಅವರಿಬ್ಬರೂ ಹೊರಗೆ ಹೋಗಿದ್ದಾಗ, ಸುಮಾರು 35 ವರ್ಷದ ವ್ಯಕ್ತಿಯೊಬ್ಬ ಬಂದು ತಾನು ಹೆಣ್ಣಿನ ಸೋದರಮಾವ ಎಂದನು. ಉಪ್ಪಿಟ್ಟು, ಚಹಾ ಕೊಟ್ಟೆ. ಮನೆದೇವರು ಯಾವುದೆಂದು ಕೇಳಿದ್ದಕ್ಕೆ ಫೋನ್ ನೋಡಿಕೊಂಡು ಉತ್ತರಿಸಿದನು. ಅದನ್ನು ಕಂಡೂ ಸುಮ್ಮನಾದೆ. ಹೆಣ್ಣು ಕೊಡಲು ಒಬ್ಬರಾದರೂ ಬಂದರಲ್ಲ ಎಂದು ಹಿಗ್ಗಿದ್ದೆ. ಹುಡುಗನ ದಿನಚರಿ ವಿಚಾರಿಸಿದನು. ದುಶ್ಚಟವಿಲ್ಲ, 5.30ಕ್ಕೆ ವಾಕಿಂಗ್ ಹೋಗುತ್ತಾನೆ, ಇಂಥ ಪಾರ್ಕು, ಗನ್‌ಮ್ಯಾನ್ ಬರುವುದು 9ಕ್ಕೆ ಎಂದು ಎಲ್ಲವನ್ನೂ ನಾನೇ ಹೇಳಿದೆ.

ಇಂದು 5.30ಕ್ಕೆ ಮಗ, ಮೋಹನ್ ಇಬ್ಬರೂ ವಾಕಿಂಗ್ ಹೋದರು. 6.05ಕ್ಕೆ ಅದೇ ವ್ಯಕ್ತಿ ನನಗೆ ಫೋನ್ ಮಾಡಿ, "ಅಮ್ಮಾ, ನೀವು ಹೇಳಿದ ಟೈಮ್ ಕರೆಕ್ಟಾಗೈತೆ. ಜೊತೆಗಾರನೂ ಬಂದವ್ನೆ," ಎಂದು ನಕ್ಕು ಇಟ್ಟನು. ಮಗನ ಫೋನ್ ಸ್ವಿಚ್ ಆಫ್ ಬಂತು. ಮೋಹನನದು ರಿಂಗಾಗುತ್ತಿತ್ತು, ಎತ್ತಲಿಲ್ಲ. ಚಪ್ಪಲಿ ಮೆಟ್ಟದೆ ಓಡಿದೆ. ಪಾರ್ಕು ಮನೆಯಿಂದ 600 ಮೀಟರ್. 6.20ಕ್ಕೆ ತಲುಪಿದಾಗ ಇಬ್ಬರೂ ಅಲ್ಲಿರಲಿಲ್ಲ, ಗೇಟಿನ ಒಳಗೆ ಮೋಹನನ ಕನ್ನಡಕ ಬಿದ್ದಿತ್ತು. ಅದಿಲ್ಲದೆ ಅವನಿಗೆ ಎದುರಿನ ಮನುಷ್ಯ ಕಾಣುವುದಿಲ್ಲ. ಕನ್ನಡಕವನ್ನು ಠಾಣೆಗೆ ಒಪ್ಪಿಸಿದ್ದೇನೆ.

ಈ ಹೇಳಿಕೆಯನ್ನು ಮಹಿಳಾ ಪೊಲೀಸರು ಬರೆದುಕೊಂಡಿದ್ದಾರೆ. ವಧು-ವರರ ಕೇಂದ್ರದ ಮಾತು ಬೇಕಾದರೆ ಬಿಟ್ಟು ಬರೆಯುವುದಾಗಿ ಹೇಳಿದರು. ಬೇಡ, ಬರೆಯಿರಿ ಎಂದೆ. ಇಬ್ಬರನ್ನೂ ಹುಡುಕಿಕೊಡಿ. ಇದನ್ನು ಓದಿ ಮಗ ನನ್ನನ್ನು ಬೈಯಲಿ. ಬೈಯುವುದಕ್ಕಾದರೂ ಬರಲಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬಸವೇಶ್ವರನಗರ
ದಿನಾಂಕ: 18-11-2025, ಬೆಳಿಗ್ಗೆ 7.15
ಸಹಿ: ಹಾಲವ್ವ