ಎಡಚಕ್ರದ ನಟ್ ಬಿಗಿದವಳು

ಊರಿನವರು ಗ್ರೀಸಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತೊಂಬತ್ತು, ಕಸುಬು ಗಂಡನ ಜೊತೆ ಟ್ರೈಲರ್ ರಿಪೇರಿ, ವಾಸ ಲಾರಿ ನಿಲ್ದಾಣದ ಎದುರಿನ ತಗಡಿನ ಶೆಡ್ಡಿನ ಹಿಂದಿರುವ ಎರಡು ಕೋಣೆ, ಈ ಮೂಲಕ ಪೊಲೀಸ್ ಠಾಣೆಗೆ ತಿಳಿಸುವುದೇನೆಂದರೆ:

ನಮ್ಮಲ್ಲಿ ಮೂವತ್ನಾಲ್ಕು ವರ್ಷಗಳಿಂದ ಕೆಲಸ ಹಂಚಿಕೆಯಾಗಿದೆ. ಗ್ರೀಸ್ ನನ್ನದು, ನಟ್ ಅವರದು. ಚಕ್ರದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಒಂದೊಂದು ಉರುಳೆಯ ಸಂದಿಗೂ ತುಂಬುವುದು ನಾನು. ನನ್ನ ಗಂಡ ಚಕ್ರವನ್ನು ತಿರುಗಿಸುತ್ತಾ ನಟ್ಟನ್ನು ಪೂರ್ತಿ ಬಿಗಿದು, ಆಮೇಲೆ ತುಸು ಹಿಂದಕ್ಕೆ ಸಡಿಲಿಸಿ, ಅದು ಅಲ್ಲಿಂದ ಕದಲದಂತೆ ಪಿನ್ ಹಾಕುತ್ತಾರೆ. ಆ ಸಡಿಲಕ್ಕೆ ಅವರು ಉಸಿರು ಎನ್ನುತ್ತಾರೆ. ಉಸಿರಿಗೆ ಜಾಗವಿಲ್ಲದಿದ್ದರೆ ಬೇರಿಂಗ್ ಓಡುತ್ತಾ ಕಾದು ಸುಟ್ಟು, ಕೊನೆಗೆ ಚಕ್ರವೇ ಕಳಚಿಹೋಗುತ್ತದೆ. ಹೆಂಡ್ತಿಗೂ ಬೇರಿಂಗಿಗೂ ಉಸಿರಾಡಕ್ಕೆ ಬಿಡ್ಬೇಕಪ್ಪಾ ಎಂದು ಗಿರಾಕಿಗಳೆದುರು ಹೇಳಿ ನಗುವುದು ಅವರ ಹಳೇ ಚಾಳಿ.

ಎಂಟು ತಿಂಗಳ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಲೋಟದ ನೀರು ತುಳುಕುವುದನ್ನು ನೋಡಿದೆ; ನೋಡಿದೆನೆಂದು ತೋರಿಸಿಕೊಳ್ಳಲಿಲ್ಲ. ಅಂದಿನಿಂದ ಅವರು ಮಧ್ಯಾಹ್ನ ಊಟವಾಗಿ ಅರ್ಧ ಗಂಟೆ ಮಲಗಿದಾಗ, ಅವರು ಕೂರಿಸಿದ ಪ್ರತಿ ಚಕ್ರವನ್ನೂ ಕದ್ದು ಅಲುಗಾಡಿಸಿ ನೋಡುತ್ತಿದ್ದೆ. ಈ ತಿಂಗಳ 10ರವರೆಗೆ ನೂರ ಹನ್ನೆರಡು ಚಕ್ರ ನೋಡಿದ್ದೇನೆ. ಒಂದರಲ್ಲೂ ತಪ್ಪಿರಲಿಲ್ಲ.

11ನೇ ತಾರೀಖು ನರ್ಸರಿಯವರ ಸಸಿ ಸಾಗಿಸುವ ಎರಡು ಚಕ್ರದ ಟ್ರೈಲರ್ ಬಂದಿತ್ತು. ಮಧ್ಯಾಹ್ನ 1.50ಕ್ಕೆ ಅದರ ಎಡಚಕ್ರ ಕೂದಲೆಳೆಯಷ್ಟು ಹೆಚ್ಚು ಆಡಿದಂತೆ ನನಗೆ ಅನ್ನಿಸಿತು. ಆ ದಿನ ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಲಾರದೆ ನನ್ನ ಕೈಗೆ ಬಿಟ್ಟಿದ್ದರು, ಅದೇ ತಲೆಯಲ್ಲಿತ್ತು. ಮುಚ್ಚಳ ಬಿಚ್ಚಿ, ಪಿನ್ ತೆಗೆದು, ನಟ್ಟನ್ನು ಒಂದು ಕಚ್ಚು ಬಿಗಿದು ಹೊಸ ಪಿನ್ ಹಾಕಿದೆ. ಬಿಗಿದ ಮೇಲೆ ಚಕ್ರ ತಿರುಗಿಸಿ ನೋಡಬೇಕು. ನಾನು ನೋಡಲಿಲ್ಲ. ಸದ್ದಾದರೆ ಹತ್ತು ಅಡಿ ದೂರದ ಮಂಚದಲ್ಲಿದ್ದ ಅವರಿಗೆ ಎಚ್ಚರವಾಗಿ ಗುಟ್ಟು ರಟ್ಟಾಗುತ್ತಿತ್ತು.

12ರಂದು ಬೆಳಿಗ್ಗೆ 9.20ಕ್ಕೆ, ಶೆಡ್ಡಿನಿಂದ ಆರು ಕಿಲೋಮೀಟರ್ ದೂರದಲ್ಲಿ ಆ ಚಕ್ರ ಕಳಚಿತು. ಇಳಿಜಾರಿನಲ್ಲಿ ನಲವತ್ತು ಮೀಟರ್ ಉರುಳಿ, ಮರ್ಯಾದಸ್ಥರ ಹಾಗೆ ಬಾಗಿಲಿನಿಂದಲೇ ಕ್ಷೌರದ ಅಂಗಡಿಯೊಳಗೆ ಹೋಗಿ ದೊಡ್ಡ ಕನ್ನಡಿ ಒಡೆಯಿತು. ಕುರ್ಚಿಯಲ್ಲಿದ್ದ ಪೋಸ್ಟ್‌ಮ್ಯಾನ್ ಅರ್ಧ ಗಡ್ಡದಲ್ಲೇ ಎದ್ದು ಓಡಿದರು. ಅಂಗಡಿಯವರ ಬೆರಳಿಗೆ ಗಾಜು ತಗುಲಿತು. ಬೇರೆ ಯಾರಿಗೂ ಪೆಟ್ಟಾಗಿಲ್ಲ. ಆಗಿದ್ದರೆ ಎಂದು ನೆನೆದು ಎರಡು ದಿನದಿಂದ ನನಗೆ ಊಟ ಸೇರಿಲ್ಲ.

ಟ್ರೈಲರಿನ ಚಾಲಕ, ನಡುಗೋ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ ಎಂದು ಹತ್ತು ಜನರೆದುರು ಹೇಳಿದನು. ನನ್ನ ಗಂಡ ನೇರವಾಗಿ ಠಾಣೆಗೆ ಬಂದು, ನಟ್ ಸಡಿಲ ಬಿಟ್ಟವರು ತಾವೇ, ಇನ್ನು ಮೇಲೆ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಬರೆಸಿರುತ್ತಾರೆ. ಮನೆಗೆ ಬಂದು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ತುಂಬಿದರು.

ಅವರ ಆ ಹೇಳಿಕೆ ತಪ್ಪು. ಆ ಎಡಚಕ್ರದ ಸುಟ್ಟ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿ ತಂದು ಒಪ್ಪಿಸಿದ್ದೇನೆ. ಉರುಳೆಗಳು ಕಾದು ನೀಲಿಯಾಗಿವೆ. ಅದು ನಟ್ ಅತಿಯಾಗಿ ಬಿಗಿದದ್ದರ ಗುರುತು, ಸಡಿಲ ಬಿಟ್ಟದ್ದರದ್ದಲ್ಲ. ಅವರು ಇಟ್ಟ ಉಸಿರು ಸರಿಯಾಗಿಯೇ ಇತ್ತು. ಅದನ್ನು ಕಟ್ಟಿದವಳು ನಾನು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಕನ್ನಡಿಯನ್ನು ನಾನೇ ಹಾಕಿಸಿಕೊಡುತ್ತೇನೆ.

ಇದನ್ನು ಅವರಿಗೆ ಹೇಳಲು ಎರಡು ದಿನ ಬಾಯಿ ಬರಲಿಲ್ಲ. ಎಂಟು ತಿಂಗಳು ಬೆನ್ನ ಹಿಂದೆ ಪರೀಕ್ಷೆ ಮಾಡಿದೆನೆಂದು ತಿಳಿದರೆ ನೊಂದುಕೊಳ್ಳುತ್ತಾರೆಂದು ಹೆದರಿದೆ. ಆದರೆ ಕೈಯೇ ಹೋಯಿತು ಎಂದುಕೊಂಡು ಅವರು ಮೂಲೆ ಹಿಡಿಯುವುದಕ್ಕಿಂತ ನನ್ನ ಮೇಲೆ ಸಿಟ್ಟಾಗುವುದು ವಾಸಿ.

ಈ ಹೇಳಿಕೆಯನ್ನು ಠಾಣೆಯವರು ನನಗೆ ಓದಿ ಹೇಳುವಾಗ, ಹೊರಗೆ ಬೆಂಚಿನಲ್ಲಿ ಕೂತಿದ್ದ ಅವರನ್ನೂ ಕರೆಸಬೇಕೆಂದು ಕೇಳಿಕೊಂಡೆ. ಅವರು ಕೊನೆಯವರೆಗೂ ತಲೆ ತಗ್ಗಿಸಿ ಕೇಳಿದರು. ಬೇರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ಇನ್ಮೇಲೆ ಕದ್ದು ನೋಡ್ಬೇಡ ಕಣೇ, ನನ್ನೆದುರೇ ನೋಡು, ತಿರುಗ್ಸಿ ನೋಡು ಎಂದರು. ಇದನ್ನೂ ಬರೆದುಕೊಳ್ಳಿ ಎಂದು ನಾನು ಕೋರಿದ ಮೇರೆಗೆ ಬರೆಯಲಾಗಿದೆ.

ಮೇಲಿನದೆಲ್ಲ ಯಾರ ಒತ್ತಾಯವೂ ಇಲ್ಲದೆ ನನ್ನ ಬಾಯಿಂದಲೇ ಬಂದದ್ದು, ಸತ್ಯವಾದದ್ದು. ಕೇಳಿ, ಒಪ್ಪಿ, ಗಂಡನ ಸಮಕ್ಷಮ ರುಜು ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 14, ಸಂಜೆ 4.35
ಸಹಿ: ಗ್ರೀಸಕ್ಕ