ಥೆಕ್ಲಾಳ ಕಿಟಕಿ

ನೆಬ್ರಾಸ್ಕಾದ ಬಯಲಿನಲ್ಲಿ ಗೋಧಿ ಒಕ್ಕಣೆ ನಡೆದಿರುವಾಗಲೇ ಮಳೆ ಹಿಡಿದುಕೊಂಡಿತು. ಕೆಲಸಕ್ಕೆ ಬಂದಿದ್ದ ನೆರೆಯವರೆಲ್ಲ ವಾಲ್ಡೆಮಾರನ ಮಣ್ಣುಹೆಂಟೆಯ ಮನೆಗೆ ನುಗ್ಗಿ ಒಲೆಯ ಸುತ್ತ ಕುಳಿತರು. ಬಹುಕಾಲ ಮುಚ್ಚಿದ್ದ ಅಪ್ಪನ ಮನೆ ಅದು. ಹೊಸದು ಕಟ್ಟುವ ಖರ್ಚು ಉಳಿಯಿತೆಂದು ವಾಲ್ಡೆಮಾರ್ ಈ ವಸಂತದಲ್ಲಷ್ಟೇ ಅಲ್ಲಿಗೆ ಸಂಸಾರ ತಂದಿದ್ದ. ತುಂಬು ಬಸುರಿ ರೋಸೀನಾ ಒಣಹುಲ್ಲು ಹೊಸೆದು ಹೊಸೆದು ಒಲೆಗೆ ತುರುಕುತ್ತಿದ್ದಳು. ಈ ಮನೆಯಲ್ಲಿ ಹೆರಲು ಅವಳಿಗೆ ಭಯ, ತವರಿಗೆ ಹೋಗುವ ಆಸೆ. "ಒಕ್ಕಣೆ ಬಿಟ್ಟು ಗಾಡಿ ಕಟ್ಟೋಕಾಗಲ್ಲ" ಎಂದು ಗಂಡ ಬೆಳಿಗ್ಗೆಯೇ ಗದರಿದ್ದ. ಅದನ್ನು ಅವನ ಚಿಕ್ಕಮ್ಮ, ಮುದುಕಿ ಓಟಿಲಿಯಾ, ಕೇಳಿಸಿಕೊಂಡಿದ್ದಳು.

"ನಿಮ್ಮಪ್ಪನ ಕತೆ ಹೇಳ್ತೀನಿ ಕೇಳೋ" ಎಂದು ಅವಳು ಶುರು ಮಾಡಿದಳು. "ಲೇಬರೆಕ್ಟ್ ಅಂತ ದೊಡ್ಡ ಹೆಸರು, ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ! ಊಟಕ್ಕೆ ಮುಂಚೆ ಉದ್ದುದ್ದ ಪ್ರಾರ್ಥನೆ ಮಾಡ್ತಿದ್ದ... ಯಾಕೆ ಗೊತ್ತಾ? ಅಷ್ಟರಲ್ಲಿ ಉಳಿದವರ ಹಸಿವು ಸತ್ತು ಹೋಗ್ಲಿ ಅಂತ! ಒಂದು ಚಳಿಗಾಲ ನಿಮ್ಮಮ್ಮ, ನನ್ನಕ್ಕ ಥೆಕ್ಲಾ, ಅಗೋ ಆ ಮೂಲೇಲಿ ಕೊನೇ ಉಸಿರು ಎಳೆದ್ಲು. ಉಸಿರು ನಿಂತ ಕೂಡ್ಲೇ ಕಿಟಕಿ ತೆಗೀಬೇಕು, ಆತ್ಮ ಹೊರಗೆ ಹೋಗ್ಬೇಕು... ನಮ್ಮವರಲ್ಲಿ ದಡ್ಡನಿಗೂ ಗೊತ್ತಿರೋದು ತಾನೇ ಇದು? ನಾನು ಕಿಟಕಿಗೆ ಕೈ ಹಾಕಿದ್ರೆ ಈ ಮಹಾನುಭಾವ ಅಡ್ಡ ನಿಂತ! 'ಬಿಸಿಯೆಲ್ಲಾ ಹೊರಗೆ ಹೋಗುತ್ತೆ. ಹುಲ್ಲು ನಿಮ್ಮಪ್ಪ ತಂದು ಹಾಕ್ತಾನಾ?' ಅಂದ."

ಯಾರೋ ಕಿಸಕ್ಕನೆ ನಕ್ಕರು. ವಾಲ್ಡೆಮಾರ್ ಮುಖ ಗಂಟಿಕ್ಕಿದ.

"ನಗಿ, ನಗಿ... ಅವತ್ತಿಂದ ಈ ಮನೆ ಬೆಚ್ಚಗಾಗಲಿಲ್ಲ. ಹುಲ್ಲು ಸುಟ್ಟ, ಬೆರಣಿ ಸುಟ್ಟ, ಕುರ್ಚಿ ಸುಟ್ಟ, ಕೊನೆಗೆ ಬಿತ್ತನೆ ಜೋಳಾನೂ ಸುಟ್ಟ ಆ ಪಿಟ್ಟಾಸಿ! ಆಮೇಲೆ ಕಿಟಕಿ ತೆಗೆದು ಅತ್ತ, 'ಹೋಗೇ ಥೆಕ್ಲಾ, ಹೋಗೇ' ಅಂತ. ಆಗ ತೆಗೆದ್ರೆ ಏನು ಬಂತು? ದಾರಿ ತಪ್ಪಿದವಳು ಹೋಗ್ತಾಳಾ? ಉರಿಬಿಸಿಲಿನ ಕೊಯ್ಲಿನ ದಿನ, ಹೊರಗೆ ಜನ ಬೆವರು ಒರೆಸ್ಕೋತಿದ್ರೆ, ಇವನು ಇದೇ ಒಲೆ ಮುಂದೆ ಸೆಟೆದು ಸತ್ತಿದ್ದ. ಗಡ್ಡದ ತುಂಬಾ ಮಂಜುಗಡ್ಡೆ! ನನಗಂತೂ ಒಂದು ಹನಿ ಕಣ್ಣೀರು ಬರಲಿಲ್ಲ."

"ಸಾಕು ಚಿಕ್ಕಮ್ಮ, ಬಸುರಿ ಹೆಂಗಸಿನ ಮುಂದೆ..."

"ಓಹೋ, ಬಸುರಿ ಅನ್ನೋದು ಈಗ ನೆನಪಾಯ್ತಾ ದೊರೆಗೆ?" ಓಟಿಲಿಯಾ ಸುತ್ತ ಕುಳಿತವರನ್ನು ಒಮ್ಮೆ ನೋಡಿದಳು. "ಸಂಜೆಯಿಂದ ಬಣವೆ ಹುಲ್ಲು ಸುಟ್ಟಿದ್ದೀರಿ. ಯಾರಿಗಾದ್ರೂ ಮೈ ಬೆಚ್ಚಗಾಯ್ತಾ?"

ಕೆಂಪಗೆ ಕಾದ ಒಲೆಗೆ ಚಾಚಿದ್ದ ವಾಲ್ಡೆಮಾರನ ಬೆರಳುಗಳು ನೀಲಿಗಟ್ಟಿದ್ದವು.

"ನಮ್ಮಕ್ಕ ಕೆಟ್ಟವಳಲ್ಲ. ಬೆಚ್ಚಗಿರೋ ಒಂದು ಜಾಗ ಹುಡುಕ್ತಿದ್ದಾಳೆ, ಅಷ್ಟೇ... ಗಾಡಿ ಕಟ್ಟೋ ದಂಡಪಿಂಡ! ಈ ಮನೇಲಿ ಬೆಚ್ಚಗಿರೋ ಜಾಗ ಅಂತ ಉಳಿದಿರೋದು ರೋಸೀನಾಳ ಹೊಟ್ಟೆ ಒಂದೇ."