ಅರ್ಧ ಅರಳಿ ನಿಂತ ಹೂವು

ಶಿರಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಮುಂದೆ ಕೂತ ಮುದುಕಿಯ ಫೋನು ಕಂಡು ಮಾಯಾಳ ಕಣ್ಣು ಅಲ್ಲೇ ನಿಂತಿತು. ಬೀಜದ ಅರ್ಜಿಯ ಆ್ಯಪ್. ಪರದೆಯ ಮೇಲೆ ಬೆರಳೊತ್ತಿದರೆ ಅರಳುವ ಆ ಹೂವು ಮಾಯಾಳದೇ ಕೈಕೆಲಸ.

"ಅರ್ಧಾ ಅರಳಿ ನಿಂತಬಿಡತೈತಿ ನೋಡ ಕಸ್ತೂರೆವ್ವಾ. ಅರ್ಜಿ ಮುಂದಕ್ಕ ಹೋಗವಲ್ದು." ಮುದುಕಿ ಪಕ್ಕದಲ್ಲಿ ಕೂತವಳತ್ತ ಫೋನು ಹಿಡಿದಳು.

"ನಮ್ಮ ಹುಡುಗಿ ಹೊಸಾ ಫೋನಿನ್ಯಾಗ ಪೂರಾ ಅರಳತೈತ್ರಿ ಅಕ್ಕಾ."

"ಫೋನಿಂದೇನಿಲ್ಲ ಬಿಡ. ಹತ್ತಿ ಬಿಡಿಸಿ ಬಿಡಿಸಿ ನನ್ನ ಬೆರಳ ಸವದಾವು. ಸಬಕಾರ ಹಚ್ಚಿ ತೊಳಕೊಂಡೂ ಒತ್ತೀನಿ."

"ಇನ್ನೊಮ್ಮೆ ಒತ್ತರಿ."

"ಬ್ಯಾಡವಾ, ಮಂದಿ ನೋಡತಾರ."

ಹಳೆಯ ಫೋನುಗಳಿಗೆ ಆ ಹೂವನ್ನು ಹೊಂದಿಸಬೇಕಾದವಳು ಮಾಯಾ. ಒಂದನ್ನೂ ಕೈಯಲ್ಲಿ ಹಿಡಿದು ನೋಡದೆ, ಎಲ್ಲದರಲ್ಲೂ ಅರಳುತ್ತದೆ ಎಂದು ಬರೆದುಕೊಟ್ಟಿದ್ದಳು. ತಪ್ಪು ತನ್ನದೆಂದು ಹೇಳಿಬಿಡೋಣವೆಂದು ಎದ್ದಳು, ಮತ್ತೆ ಕೂತಳು.

ಬಾಳೆಹೊಸೂರ ಬಸ್ಸು ಬಂತು. ಮುದುಕಿ ಬೆರಳನ್ನು ಸೆರಗಿಗೆ ಇನ್ನೊಮ್ಮೆ ತಿಕ್ಕಿ ಒರೆಸಿಕೊಂಡು ಹತ್ತಿದಳು.